ಕಡಲು ದಾಟಿದ ಹೆಪ್ಪು

ಬಾ, ಕಾಲು ಚಾಚಿ ಮಲ್ಕೋ. ಹಾಲಿನ್ನೂ ಬಿಸಿ ಇದೆ, ಅದು ಆರೋವರೆಗೂ ಕತೆ ಹೇಳ್ತೀನಿ, ಆರಿದ ಮೇಲೆ ಎದ್ದು ಹೆಪ್ಪು ಹಾಕ್ತೀನಿ. ನಡುವೆ ಬಾಯಿ ಹಾಕಿದ್ಯೋ, ಅಲ್ಲಿಗೇ ನಿಲ್ಲಿಸಿಬಿಡ್ತೀನಿ, ಆಮೇಲೆ ಗೋಗರೆದ್ರೂ ಹೇಳಲ್ಲ.

ಒಂದಾನೊಂದು ಕಾಲದಲ್ಲಿ, ಅಂದ್ರೆ ನನ್ನಜ್ಜಿಯ ಅಜ್ಜಿಗೆ ಇನ್ನೂ ಹಾಲುಹಲ್ಲು ಬರೋಕೆ ಮುಂಚೆ, ಕಡಲಿನಾಚೆ ಜಾಯಿಪಟ್ಣ ಅಂತ ಒಂದು ಊರಿತ್ತಂತೆ. ಎಂಥಾ ಊರು ಅಂತೀ, ಹಡಗು ದಡ ಮುಟ್ಟೋದಿರ್ಲಿ, ದಡ ಕಣ್ಣಿಗೆ ಬೀಳೋಕೂ ಮುಂಚೆ ಜಾಯಿಕಾಯಿ ಲವಂಗದ ಘಮ ಗಾಳೀಲಿ ಬಂದು ಮೂಗಿಗೆ ತಾಗ್ತಿತ್ತಂತೆ. ಚೀಣದವರು, ಅರಬರು, ಮಲಾಯಿ ಜನ, ತಮಿಳರು, ನಮ್ಮ ಕರಾವಳಿ ಕಡೆಯವರು, ಎಲ್ಲಾ ಒಂದೇ ಕೇರೀಲಿ ಗೋಡೆಗೆ ಗೋಡೆ ತಾಗಿಸಿ ಮನೆ ಕಟ್ಕೊಂಡಿದ್ರಂತೆ. ಒಂದು ಮನೇಲಿ ಹಬೆ ಮೇಲೆ ಬಿಳೀ ಬನ್ನು ಬೇಯ್ತಿದ್ರೆ, ಪಕ್ಕದ ಮನೇಲಿ ಕುರಿಮಾಂಸಕ್ಕೆ ಕೇಸರಿ ಬೀಳ್ತಿತ್ತಂತೆ, ಅದರಾಚೆ ಮನೇಲಿ ಬಾಳೆಲೇಲಿ ಸುತ್ತಿದ ಮೀನು ಕೆಂಡದ ಮೇಲೆ ಚುರುಗುಡ್ತಿತ್ತಂತೆ. ಸಂಜೆ ಆ ಕೇರೀಲಿ ನಡ್ಕೊಂಡು ಹೋದ್ರೆ ಉಣ್ಣದೇ ಹೊಟ್ಟೆ ತುಂಬ್ತಿತ್ತಂತೆ.

ಆ ಊರಿಗೆ ತುಂಗಿ ಅಂತ ಒಬ್ಬ ಹುಡುಗಿ ನಮ್ಮ ಕಡೆಯಿಂದ ಸೊಸೆಯಾಗಿ ಹೋದ್ಲು. ಗಂಡ ಹಡಗಿನವನು, ತಂದು ಮನೇಲಿಟ್ಟು ಮತ್ತೆ ಹಡಗು ಹತ್ತಿದ. ಮನೇಲಿ ಉಳಿದೋರು ಇಬ್ಬರೇ, ಇವಳು ಮತ್ತೆ ಗಂಡನ ಅಜ್ಜಿ ದುಗ್ಗಜ್ಜಿ. ಹೊರಗೆ ಬಂದ್ರೆ, ದುಗ್ಗಜ್ಜಿ ಹತ್ರ ನಮ್ಮ ಮಾತು ಕಲಿತ ಮೂರ್ನಾಲ್ಕು ನೆರೆಯವರದ್ದು ಬಿಟ್ಟು ಯಾರ ಮಾತೂ ಅರ್ಥ ಆಗಲ್ಲ, ಒಳಗೆ ಹೋದ್ರೆ ತವರಿನ ನೆನಪು. ಪಾಪ, ಆ ಮನೇಲಿ ಅವಳಿಗೆ ತನ್ನದು ಅನ್ನಿಸ್ತಿದ್ದದ್ದು ಒಂದೇ, ಅಡುಗೆಮನೆ ಮೂಲೇಲಿದ್ದ ಹೆಪ್ಪಿನ ಗಡಿಗೆ.

ಯಾಕೆ ಅಂದ್ರೆ, ಆ ಹೆಪ್ಪಿಗೊಂದು ಕತೆ ಇತ್ತಂತೆ. ದುಗ್ಗಜ್ಜಿ ಚಿಕ್ಕ ವಯಸ್ಸಲ್ಲಿ ಬಸರೂರಿನಿಂದ ಹಡಗು ಹತ್ತುವಾಗ ಅವಳ ತಾಯಿ ಚಿನ್ನ ಕೊಡ್ಲಿಲ್ಲವಂತೆ, ಬೆಳ್ಳಿ ಕೊಡ್ಲಿಲ್ಲವಂತೆ. ಒಂದು ಬಿಳೀ ಬಟ್ಟೇನ ಗಟ್ಟಿ ಮೊಸರಲ್ಲಿ ಅದ್ದಿ, ನೆರಳಲ್ಲಿ ಒಣಗಿಸಿ, ತೆಂಗಿನ ಕರಟದಲ್ಲಿ ಮಡಚಿಟ್ಟು ಕೊಟ್ಲಂತೆ. ಹೋದ ಊರಲ್ಲಿ ಹಾಲು ಸಿಕ್ಕ ದಿನ ಈ ಬಟ್ಟೆ ಅದರಲ್ಲಿ ಹಾಕು ಮಗಳೇ, ನಿನ್ನ ತವರು ಅಲ್ಲೇ ಹುಟ್ಟುತ್ತೆ ಅಂದ್ಲಂತೆ. ಹಾಲು ಗಟ್ಟಿಯಾಗೋದನ್ನ ಜಾಯಿಪಟ್ಣ ನೋಡಿದ್ದೇ ಅವತ್ತು ಅಂತ ಮನೆ ಗಂಡಸರು ಹಡಗಿಂದ ಬಂದಾಗೆಲ್ಲ ಎದೆ ಉಬ್ಬಿಸ್ಕೊಂಡು ಹೇಳೋರು. ದುಗ್ಗಜ್ಜಿ ಮಾತ್ರ ಹೂಂ ಅನ್ನಲ್ಲ, ಉಹೂಂ ಅನ್ನಲ್ಲ, ಎದ್ದು ಒಳಗೆ ಹೋಗೋಳು. ಎದುರುಮನೆ ಮಲಾಯಿ ಮುದುಕಿ ಮೇಲೂರಜ್ಜಿ, ಮೇಲೂರ ಅಂದ್ರೆ ಅವರ ಮಾತಲ್ಲಿ ಮಲ್ಲಿಗೆ, ಈ ಕತೆ ಕೇಳಿದಾಗೆಲ್ಲ ಎಲೆಅಡಿಕೆ ಜಗೀತಾ ನಗೋಳು.

ತುಂಗಿಗೋ, ಆ ಗಡಿಗೆ ಮುಚ್ಚಳ ತೆಗೆದ್ರೆ ಅವ್ವನ ಮನೆ ವಾಸನೆ. ಕಡಲು ದಾಟಿ ಬಂದ ಹೆಪ್ಪು, ತನ್ನ ಹಾಗೇನೇ, ಅಂತ ಮುಟ್ಟೋವಾಗೆಲ್ಲ ಕೈ ಮುಗಿಯೋಳಂತೆ. ದಿನಾ ಹಾಲು ಕಾಯಿಸಿ, ಆರಿಸಿ, ಹೆಪ್ಪು ಹಾಕೋ ಮುಂಚೆ ದುಗ್ಗಜ್ಜಿ ಅವಳ ಕೈ ಹಿಡಿದು ಕಿರುಬೆರಳು ಹಾಲಲ್ಲಿ ಅದ್ದಿಸೋಳು. ಆಡಿ ಬಂದು ಮಲಗಿದ ಮಗು ಹಣೆ ಎಷ್ಟು ಬೆಚ್ಚಗಿರುತ್ತೋ ಅಷ್ಟೇ ಬಿಸಿ ಇರ್ಬೇಕು ಕಣೇ, ಹೆಚ್ಚಾದ್ರೆ ಹೆಪ್ಪು ಸಾಯುತ್ತೆ, ಕಮ್ಮಿಯಾದ್ರೆ ಮುನಿಸಿಕೊಳ್ಳುತ್ತೆ ಅನ್ನೋಳು.

ಹೀಗಿರುವಾಗ ದುಗ್ಗಜ್ಜಿಗೆ ಜ್ವರ ಬಂತು. ಸುಮ್ನೆ ಜ್ವರ ಅಲ್ಲ, ಮೈ ಕೆಂಡ. ತುಂಗಿ ಹಗಲೆಲ್ಲ ಹಾಸಿಗೆ ಪಕ್ಕ ಕೂತು ಹಣೆ ಮೇಲೆ ಒದ್ದೆ ಬಟ್ಟೆ ಹಾಕೋದು, ತೆಗೆಯೋದು, ಹಣೆ ಮುಟ್ಟಿ ನೋಡೋದು. ಗಂಜಿ ಕೊಟ್ರೆ ಬೇಡ, ಸಾರು ಕೊಟ್ರೆ ಬೇಡ, ಅಜ್ಜಿ ಮುಖ ತಿರುಗಿಸಿಬಿಡ್ತಿದ್ಲು.

ಒಂದು ಸಂಜೆ ದೇವರ ಮುಂದೆ ದೀಪ ಹಚ್ಚಿ ತುಂಗಿ ತಿರುಗ್ತಾಳೆ, ಬಾಗಿಲಲ್ಲಿ ಚೀಣದ ಲಾನಕ್ಕ ನಿಂತಿದಾಳೆ, ಬನ್ನು ಮಾರೋಳು, ದಿನವಿಡೀ ಬೀದಿ ಸುತ್ತಿ ಬಂದಿದಾಳೆ. ಹಿಟ್ಟು ಸರಿಯಾಗಿ ಹುಳಿ ಬರ್ತಿಲ್ಲ, ಒಂದು ಚಮಚ ಹೆಪ್ಪು ಕೊಡಮ್ಮ ಅಂದ್ಲು. ತುಂಗಿ ಬಾಗಿಲಿಗಡ್ಡ ನಿಂತ್ಲು. ದೀಪ ಹಚ್ಚಿದ ಮೇಲೆ ಹೆಪ್ಪು ಹೊರಗೆ ಕೊಡಬಾರದು, ಲಕ್ಷ್ಮಿ ಹೊರಟೋಗ್ತಾಳೆ, ನಮ್ಮ ಕಡೆ ಕೊಡಲ್ಲ ಅಂದ್ಲು. ಅಜ್ಜಿ ಕೊಡ್ತಿದ್ರಲ್ಲ ಅಂದ್ಲು ಲಾನಕ್ಕ. ಅಜ್ಜಿಗೆ ಹುಷಾರಿಲ್ಲ ಅಂತ ತುಂಗಿ ಬಾಗಿಲು ಹಾಕಿದ್ಲು. ಶಾಸ್ತ್ರ ಏನೋ ನಿಜವೇ, ಆದ್ರೆ ಒಳಗಿನ ಭಯ ಬೇರೆ ಇತ್ತು. ಅಜ್ಜಿ ಮಲಗಿರೋವಾಗ ತವರಿನ ಒಂದೇ ಒಂದು ಚೂರು ತನ್ನ ಕೈಯಿಂದ ಜಾರಿ ಹೋಗುತ್ತೇನೋ ಅಂತ.

ಮಾರನೇ ಸಂಜೆ ಅರಬರ ಮನೆ ಸಫಿಯಾಬಿ ಬಂದ್ಲು, ಮಗಳಿಗೆ ಹೆರಿಗೆಯಾಗಿದೆ, ಸ್ವಲ್ಪ ಹೆಪ್ಪು ಅಂತ. ಅವಳಿಗೂ ಅದೇ ಮಾತು. ಅದರ ಮಾರನೇ ಸಂಜೆ ಕಿಟಕೀಲಿ ನೋಡ್ತಾಳೆ, ಮೇಲೂರಜ್ಜಿ ಬೀದಿ ದಾಟಿ ಬರ್ತಿದಾಳೆ, ಕೈಯಲ್ಲೊಂದು ಬಿದಿರಂಡೆ. ಅಯ್ಯೋ, ಇವಳಂತೂ ಅಂಡೆ ತುಂಬಾ ಕೇಳೋಳೇ ಅಂದ್ಕೊಂಡು ತುಂಗಿ ಬಾಗಿಲೇ ತೆಗೀಲಿಲ್ಲ. ಮುದುಕಿ ತಟ್ಟಿದ್ಲು, ಕಾದ್ಲು, ಮತ್ತೆ ತಟ್ಟಿದ್ಲು, ಹೊರಟೋದ್ಲು. ಒಳಗಿಂದ ದುಗ್ಗಜ್ಜಿ ಯಾರೇ ಅದು ಅಂದ್ಲು. ಯಾರೂ ಇಲ್ಲ ಅಜ್ಜಿ, ಗಾಳಿ ಅಂದ್ಲು ತುಂಗಿ. ನೋಡು, ಸುಳ್ಳೂ ಶುರುವಾಯ್ತು.

ಅವತ್ತೇ ಹೆಪ್ಪು ಹಾಕೋಕೆ ಕೂತ್ಲು. ಹಾಲಲ್ಲಿ ಕಿರುಬೆರಳು ಅದ್ದಿದ್ಲು, ಸರಿಯಾಗಿದೆ ಅನ್ನಿಸ್ತು, ಇದ್ದಬದ್ದ ಹೆಪ್ಪೆಲ್ಲ ಸುರಿದು ಮುಚ್ಚಿಟ್ಲು. ಬೆಳಿಗ್ಗೆ ತೆಗೆದು ನೋಡ್ತಾಳೆ, ಮೊಸರಾಗಿಲ್ಲ, ಹಾಲೂ ಉಳಿದಿಲ್ಲ, ನೀರು ಬೇರೆ ಗಸಿ ಬೇರೆಯಾಗಿ ಕೂತಿದೆ. ಏನಾಯ್ತು ಹೇಳು? ದಿನವಿಡೀ ಸುಡೋ ಹಣೆ ಮುಟ್ಟಿ ಮುಟ್ಟಿ ಅವಳ ಕೈಗೆ ಆ ಬಿಸಿಯೇ ರೂಢಿಯಾಗಿತ್ತು. ಜ್ವರದ ಹಣೆಯಷ್ಟು ಸುಡ್ತಿದ್ದ ಹಾಲು ಅವಳ ಬೆರಳಿಗೆ ಮಗು ಹಣೆ ಹಾಗೆ ಬೆಚ್ಚಗೆ ಕಂಡಿತ್ತು. ಕಡಲು ದಾಟಿ ಬಂದ ಹೆಪ್ಪು ಅವಳ ಕೈಯಲ್ಲೇ ಸತ್ತುಹೋಯ್ತು.

ತುಂಗಿ ಗಡಿಗೆ ಮುಂದೆ ಕುಸಿದು ಕೂತ್ಲು. ಆಗಲೇ ಒಳಗಿಂದ ದುಗ್ಗಜ್ಜಿ ಎಷ್ಟೋ ದಿನದ ಮೇಲೆ ಬಾಯಿಬಿಟ್ಟು ಕೇಳಿದ್ಲು. ತುಂಗೀ, ನಾಲಿಗೆ ಸತ್ತೋಗಿದೆ ಕಣೇ, ನಮ್ಮ ಗಡಿಗೆ ಮೊಸರು ಕಲಸಿ ಒಂದು ತುತ್ತು ಅನ್ನ ಕೊಡು, ಅದಾದ್ರೆ ಇಳಿಯುತ್ತೇನೋ.

ಊಟ ಬಿಟ್ಟಿದ್ದೋಳು ಬಾಯಿಬಿಟ್ಟು ಕೇಳಿದ್ದಾಳೆ, ಕೊಟ್ರೆ ಬದುಕ್ತಾಳೆ, ಇಲ್ಲಾಂದ್ರೆ ಇವತ್ತೋ ನಾಳೆಯೋ. ನಾಳೆ ಕೊಡ್ತೀನಿ ಅಜ್ಜಿ, ಇವತ್ತಿನದು ಹುಳಿಯಾಗಿದೆ ಅಂತ ಹೇಳಿ, ಸೆರಗು ಬಾಯಿಗೊತ್ತಿಕೊಂಡು ಹೊರಗೆ ಓಡಿದ್ಲು.

ಮೊದಲು ಹೋಗಿದ್ದು ಲಾನಕ್ಕನ ಮನೆಗೆ. ಯಾವ ಮುಖ ಇಟ್ಕೊಂಡು ಕೇಳೋದು ಹೇಳು. ಆದ್ರೂ ಕೇಳಿದ್ಲು, ಅಜ್ಜಿ ಕೊಟ್ಟ ಹೆಪ್ಪು ನಿಮ್ಮಲ್ಲಿ ಏನಾದ್ರೂ ಉಳಿದಿದ್ಯಾ ಅಂತ. ಲಾನಕ್ಕ ಜಾಡಿಯಿಂದ ಒಂದು ಉಂಡೆ ಹುಳಿಹಿಟ್ಟು ತೆಗೆದು ಕೈಗಿಟ್ಲು, ನಿಮ್ಮಜ್ಜಿ ಹೆಪ್ಪು ಇದರೊಳಗಿದೆ, ನನಗೆ ಬನ್ನು ಉಬ್ಬಿಸೋದು ಅದೇ ಅಂದ್ಲು. ತುಂಗಿ ಮನೆಗೆ ಬಂದು ಹಾಲಿಗೆ ಹಾಕಿದ್ಲು. ಹಾಲು ಗುಳುಗುಳು ಅಂತ ನೊರೆಗಟ್ತು, ಗಟ್ಟಿಯಾಗ್ಲಿಲ್ಲ.

ಆಮೇಲೆ ಸಫಿಯಾಬಿ ಮನೆ. ಆಕೆ ತೊಟ್ಟಿಲು ತೂಗ್ತಾ ಇದ್ದೋಳು, ಎದ್ದು ಸೂರಿಂದ ಒಂದು ಬಟ್ಟೆ ಗಂಟು ಇಳಿಸಿದ್ಲು. ಒಳಗೆ ಕಲ್ಲಿನಂಥ ಬಿಳೀ ಉಂಡೆಗಳು. ನಿಮ್ಮಜ್ಜಿ ಕೊಟ್ಟ ಹೆಪ್ಪಿನ ಮೊಸರು ಕಟ್ಟಿ, ಉಪ್ಪು ಹಾಕಿ, ಬಿಸಿಲಲ್ಲಿ ಒಣಗಿಸಿದ್ದು, ನಮ್ಮ ಕಡೆ ಹೀಗೆ ಮಾಡ್ತೀವಿ, ತಗೋ ಅಂದ್ಲು. ಒಂದೇ ಹೆಪ್ಪು, ಒಂದು ಮನೇಲಿ ಬನ್ನು ಉಬ್ಬಿಸ್ತಿದೆ, ಇನ್ನೊಂದು ಮನೇಲಿ ಕಲ್ಲಾಗಿ ಸೂರಲ್ಲಿ ತೂಗ್ತಿದೆ. ತುಂಗಿ ಅಳೋದು ಮರೆತು ಆ ಉಂಡೇನೇ ನೋಡ್ತಾ ನಿಂತ್ಲಂತೆ. ಮನೆಗೆ ತಂದು ತೇದು ಹಾಕಿದ್ಲು. ಹಾಲು ಹುಳಿಯಾಯ್ತು, ನೀರುಮಜ್ಜಿಗೆಯಾಯ್ತು, ಮೊಸರಾಗ್ಲಿಲ್ಲ.

ಅಷ್ಟು ಹೊತ್ತಿಗೆ ಸಂಜೆಯಾಗಿತ್ತು. ಉಳಿದಿದ್ದು ಒಂದೇ ಬಾಗಿಲು, ತಾನು ಬಾಗಿಲೇ ತೆಗೆಯದೇ ಕಳಿಸಿದ ಮುದುಕಿಯದು. ಬೀದಿ ದಾಟೋ ಹೊತ್ತಿಗೆ ಮೇಲೂರಜ್ಜಿ ಮನೇಲಿ ದೀಪ ಹಚ್ಚಿಬಿಟ್ಟಿದ್ರು. ತುಂಗಿ ಹೊಸಿಲ ಹೊರಗೇ ನಿಂತ್ಲು. ದೀಪ ಹಚ್ಚಾಗಿದೆ, ನಾನು ಕೇಳಬಾರದು, ನೀವು ಕೊಡಬಾರದು, ಆದ್ರೆ ನಮ್ಮಜ್ಜಿ ಉಳೀಬೇಕು ಅಂದ್ಲು.

ಮೇಲೂರಜ್ಜಿ ಒಳಗೆ ಹೋಗಿ ಅದೇ ಬಿದಿರಂಡೆ ತಂದ್ಲು. ಬಾಯಿಗೆ ಬಾಳೆಲೆ ಕಟ್ಟಿತ್ತು. ನಿನ್ನೆನೇ ತಂದಿದ್ದೆ ಮಗಾ, ದುಗ್ಗಿಗೆ ಜ್ವರ ಅಂತ ಕೇಳಿ, ನೀನು ಬಾಗಿಲು ತೆಗೀಲಿಲ್ಲ ಅಂದ್ಲು.

ತುಂಗಿಗೆ ಭೂಮಿ ಬಾಯಿಬಿಡಬಾರದಾ ಅನ್ನಿಸ್ತು. ಕೇಳೋಕೆ ಬಂದೋಳಲ್ಲ, ಕೊಡೋಕೆ ಬಂದೋಳು. ಮುದುಕಿ ಬಾಳೆಲೆ ಬಿಚ್ಚಿದ್ಲು. ಒಳಗೆ ಎಮ್ಮೆ ಹಾಲಿನ ಮೊಸರು, ಅಂಡೆ ತಲೆಕೆಳಗು ಮಾಡಿದ್ರೂ ಬೀಳದಷ್ಟು ಗಟ್ಟಿ. ಅರ್ಧ ಬಗೆದು ತುಂಗಿ ತಂದಿದ್ದ ಬಟ್ಟಲಿಗೆ ಹಾಕಿ, ಓಡು ಅಂದ್ಲು.

ಅಜ್ಜಿ ಕೇಳಿದ್ದು ತಮ್ಮ ಗಡಿಗೆ ಮೊಸರು, ಅದಕ್ಕೇ ಅದನ್ನ ಹೆಪ್ಪು ಹಾಕೋಣ ಅಂತ ಅವತ್ತು ತುಂಗಿ ಹಾಲಿಗೆ ಬೆರಳು ಹಾಕೋ ಮುಂಚೆ ಕೈಯನ್ನ ತಣ್ಣೀರಲ್ಲಿ ಇಟ್ಕೊಂಡು ಕೂತ್ಲು, ಜ್ವರದ ಬಿಸಿ ಬೆರಳಿಂದ ಪೂರಾ ಇಳಿಯೋವರೆಗೂ. ಆಮೇಲೆ ಸಫಿಯಾಬಿ ಮನೆಗೆ ಹೋಗಿ, ತೊಟ್ಟಿಲಲ್ಲಿ ಮಲಗಿದ್ದ ಕೂಸಿನ ಹಣೆ ಮುಟ್ಟಿ ಬಂದ್ಲು. ಅಷ್ಟೇ ಬಿಸಿಗೆ ಹೆಪ್ಪು ಹಾಕಿ, ಮುಚ್ಚಿ, ಗಡಿಗೆಗೆ ಕೈ ಮುಗಿದ್ಲು.

ಬೆಳಿಗ್ಗೆ ಮುಚ್ಚಳ ತೆಗೀತಾಳೆ, ನಿಂತಿದೆ ಮೊಸರು, ಅಲ್ಲಾಡಲ್ಲ. ಮೂಗಿಟ್ಟು ನೋಡಿದ್ಲು, ಅದೇ ಅವ್ವನ ಮನೆ ವಾಸನೆ. ಎಲ್ಲಿಯ ಅವ್ವ, ಎಲ್ಲಿಯ ಮೇಲೂರಜ್ಜಿ, ಎಲ್ಲಿಯ ಬಿದಿರು. ಇದು ಹೇಗೆ ಅಂತ ಅವಳಿಗೆ ತಿಳೀಲಿಲ್ಲ.

ಅನ್ನ ಕಲಸಿ ದುಗ್ಗಜ್ಜಿ ಬಾಯಿಗಿಟ್ಲು. ಮುದುಕಿ ಕಣ್ಣು ಮುಚ್ಚಿ ನುಂಗಿದ್ಲು. ಇನ್ನೊಂದು ತುತ್ತು ಕೇಳಿದ್ಲು, ಮತ್ತೊಂದು ಕೇಳಿದ್ಲು, ಆಮೇಲೆ ಗೋಡೆಗೊರಗಿ ಎದ್ದು ಕೂತ್ಲು. ಇದು ಮೇಲೂರ ಮನೇದಲ್ವೇನೇ ಅಂದ್ಲು.

ತುಂಗಿ ಕಾಲು ಹಿಡ್ಕೊಂಡ್ಲು. ಅಜ್ಜಿ, ನಿಮ್ಮವ್ವ ಕೊಟ್ಟ ಹೆಪ್ಪನ್ನ ನಾನು ಕೊಂದೆ ಅಂತ ಎಲ್ಲಾ ಹೇಳಿಬಿಟ್ಲು, ದೀಪದ್ದು, ಬಾಗಿಲಿನದು, ಗಾಳಿ ಅಂದ ಸುಳ್ಳು, ಯಾವುದನ್ನೂ ಬಿಡಲಿಲ್ಲ.

ದುಗ್ಗಜ್ಜಿ ಅವಳ ತಲೆ ಮೇಲೆ ಕೈ ಇಟ್ಲು. ನಮ್ಮವ್ವನ ಹೆಪ್ಪು ಹಡಗಲ್ಲೇ ಸತ್ತಿತ್ತು ಕಣೇ ಹುಚ್ಚಿ ಅಂದ್ಲು. ಬಿರುಗಾಳೀಲಿ ಹಡಗಿಗೆ ನೀರು ನುಗ್ಗಿ, ಕರಟ ತುಂಬಾ ಕಡಲ ನೀರು. ಇಲ್ಲಿಳಿದ ದಿನ ಆ ಬಟ್ಟೆ ಹಾಲಿಗೆ ಹಾಕಿದ್ರೆ ಹಾಲೇ ಒಡೆದುಹೋಯ್ತು. ಬಾಗಿಲಲ್ಲಿ ಕೂತು ಅಳ್ತಿದ್ದೆ, ದೀಪ ಹಚ್ಚೋ ಹೊತ್ತು ಮೀರಿತ್ತು. ಎದುರುಮನೆಯಿಂದ ಮೇಲೂರಳ ಅವ್ವ ಬಂದ್ಲು, ಕೈಯಲ್ಲೊಂದು ಬಿದಿರಂಡೆ. ಅವಳ ಮಾತು ನನಗೆ ತಿಳೀದು, ನನ್ನ ಮಾತು ಅವಳಿಗೆ ತಿಳೀದು. ನನ್ನ ಕೈ ಹಿಡಿದು ಕಿರುಬೆರಳು ಹಾಲಲ್ಲಿ ಅದ್ದಿಸಿ, ಕಂಕುಳಲ್ಲೇ ಮಲಗಿದ್ದ ತನ್ನ ಕೂಸಿನ ಹಣೆ ಮುಟ್ಟಿಸಿದ್ಲು, ಇಷ್ಟು ಬಿಸಿ ಅಂತ. ಆ ಕೂಸೇ ಈ ಮೇಲೂರ. ಗಂಡಸರು ಬೇರೆ ಕತೆ ಕಟ್ಟಿದ್ರು, ಮೇಲೂರ ನಕ್ಕು ಸುಮ್ಮನಾದ್ಲು, ಅವಳು ಸುಮ್ಮನಿದ್ದದ್ದಕ್ಕೆ ನಾನೂ ಸುಮ್ಮನಿದ್ದೆ. ನನ್ನ ತವರು ಇಲ್ಲಿ ಹುಟ್ಟಿದ್ದು ದೀಪ ಹಚ್ಚಿದ ಮೇಲೆ ಒಬ್ಬಳು ಕೊಟ್ಟಿದ್ದರಿಂದ, ಆಮೇಲೆ ನಾನು ಯಾವ ಬಾಯಲ್ಲಿ ಯಾರಿಗೆ ಇಲ್ಲ ಅನ್ನಲಿ.

ತುಂಗಿ ಎದ್ದು ಮೂರು ಕರಟ ತೊಳೆದು, ಮೂರರಲ್ಲೂ ಹೆಪ್ಪು ಹಾಕಿ, ಮೂರು ಮನೆಗೂ ತಾನೇ ಹೋಗಿ ಕೊಟ್ಟು ಬಂದ್ಲು. ಅವತ್ತಿಂದ ಆ ಕೇರೀಲಿ ಹೊಸ ಪದ್ಧತಿ ಶುರುವಾಯ್ತು. ಸಂಜೆ ದೀಪ ಹಚ್ಚೋಕೆ ಮುಂಚೆ ಜಗಲಿ ಮೇಲೆ ಒಂದು ಕರಟ ಹೆಪ್ಪು ಮುಚ್ಚಿಡೋದು, ಇಟ್ಟ ಮೇಲೇ ದೀಪ ಹಚ್ಚೋದು, ಯಾರು ಯಾವಾಗ ಬಂದ್ರೂ ಎತ್ಕೊಂಡು ಹೋಗ್ಬಹುದು. ಶಾಸ್ತ್ರವೂ ಉಳೀತು, ನೆರೆಯವರೂ ಉಳಿದ್ರು. ಗಂಡನ ಹಡಗು ಬಂತು, ದುಗ್ಗಜ್ಜಿ ಮರಿಮೊಮ್ಮಕ್ಕಳನ್ನ ಎತ್ತಿ ಆಡಿಸಿದ್ಲು, ಕೂಸುಗಳೆಲ್ಲ ಬನ್ನಿಗೆ ಮೊಸರು ಅದ್ದಿಕೊಂಡು ತಿಂದು ದುಂಡಗಾದ್ವು.

ಎಲ್ಲಿ, ಹಾಲು ಆರ್ತೇನೋ ನೋಡೋಣ. ನಿನ್ನ ಹಣೆ ಕೊಡು ಇಲ್ಲಿ. ಹಾಂ, ಇಷ್ಟೇ ಬಿಸಿ, ಸರಿಯಾಗಿದೆ. ಹೆಪ್ಪೂ ಹಾಕ್ದೆ, ಕತೇನೂ ಮುಗೀತು, ಎರಡಕ್ಕೂ ಮುಚ್ಚಳ ಮುಚ್ಚಿದೀನಿ. ಇನ್ನು ಬೆಳಗಾಗೋವರೆಗೂ ಅಲ್ಲಾಡಬೇಡ, ಮಲ್ಕೋ.