ಬಿದ್ದು ಒಡೆದ ಕಲ್ಲಂಗಡಿಗಳು

ಹೊಳೆಯ ದಡದಲ್ಲಿ ಒಂದು ಆಶ್ರಮ. ಅಲ್ಲಿಯ ಗುರುಗಳು ಅಡವಯ್ಯನವರು. ವಯಸ್ಸು ಎಂಬತ್ತು ದಾಟಿತ್ತು.

ಬೇಸಗೆಯಲ್ಲಿ ನೀರು ಹಿಂದೆ ಸರಿದಾಗ ಶಿಷ್ಯರು ಹೊಳೆಯ ಮರಳಿನಲ್ಲಿ ಕಲ್ಲಂಗಡಿ ಬೆಳೆಯುತ್ತಿದ್ದರು. ಹಣ್ಣೆಲ್ಲ ದಾರಿಹೋಕರ ಅರವಟಿಗೆಗೆ ಹೋಗುತ್ತಿತ್ತು.

ಮರಳಿಗೆ ಗಾಡಿ ಇಳಿಯದು. ಆದ್ದರಿಂದ ಒಬ್ಬನು ಕೆಳಗೆ ನಿಂತು ಹಣ್ಣನ್ನು ಮೇಲಕ್ಕೆ ಎಸೆಯಬೇಕು. ಆಳೆತ್ತರದ ದಡದ ಅಂಚಿನಲ್ಲಿ ನಿಂತ ಇನ್ನೊಬ್ಬನು ಅದನ್ನು ಹಿಡಿದು ಗಾಡಿಗೆ ತುಂಬಬೇಕು.

ಎಸೆಯುವವನು ಚೆನ್ನವೀರ, ಹಿಡಿಯುವವನು ಸೋಮಲಿಂಗ. ಇಬ್ಬರೂ ಒಂದೇ ವಾರದಲ್ಲಿ ಆಶ್ರಮ ಸೇರಿದವರು. ಆರು ವರ್ಷದಿಂದ ಒಂದೇ ಕೋಣೆಯಲ್ಲಿ ಅಕ್ಕಪಕ್ಕ ಚಾಪೆ ಹಾಸಿಕೊಂಡವರು.

ಆಶ್ರಮದಲ್ಲಿ ಒಂದು ಕಟ್ಟಳೆಯಿತ್ತು. ಬೆಳಗಿನ ಸೇವೆ ಮುಗಿದು ಗಂಟೆ ಬಾರಿಸುವ ತನಕ ಯಾರೂ ಮಾತನಾಡುವಂತಿಲ್ಲ. ಕೈ ಕೆಲಸದಲ್ಲಿ, ಮನಸ್ಸು ಜಪದಲ್ಲಿ.

ಚೆನ್ನವೀರ ಎರಡನ್ನೂ ಒಂದೇ ಲಯಕ್ಕೆ ತಂದಿದ್ದ. ಒಂದು ಶಿವನಾಮಕ್ಕೆ ಒಂದು ಹಣ್ಣು. ಮನಸ್ಸಿನಲ್ಲಿ ನಾಮ ಮುಗಿಯುವ ಹೊತ್ತಿಗೆ ಸರಿಯಾಗಿ ಹಣ್ಣು ಕೈ ಬಿಡುತ್ತಿತ್ತು. ಆ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆಯಿತ್ತು.

ಆ ದಿನ ಏಳು ಹಣ್ಣು ಬಿದ್ದು ಒಡೆದವು.

ಗಂಟೆ ಬಾರಿಸಿದ್ದೇ ತಡ, ಗಾಡಿಯ ದ್ಯಾಮಣ್ಣ ಬಾಯಿ ಬಿಟ್ಟ. ಅವನು ಊರಿನವನು. ಆಶ್ರಮದವರ ಮುಲಾಜಿಗೆ ಬೆಳಗಿನಿಂದ ನಾಲಿಗೆ ಬಿಗಿಹಿಡಿದು ಕೂತಿದ್ದ.

“ಅಲ್ಲ ಸ್ವಾಮಿ, ಅರವಟಿಗೆಗೆ ನಾನು ಒಯ್ಯಬೇಕಾದ್ದು ಹಣ್ಣೋ ಪಾನಕವೋ? ಮೊದಲೇ ಹೇಳಿದ್ದರೆ ಕೊಡ ತರುತ್ತಿದ್ದೆ.”

ಚೆನ್ನವೀರನ ಮುಖ ಕೆಂಪಾಯಿತು. “ನನ್ನನ್ನೇನು ಕೇಳುತ್ತೀಯ? ಹಿಡಿಯುವವನನ್ನು ಕೇಳು. ನಾನು ಒಂದೊಂದನ್ನೂ ಅವನ ಎದೆಗೆ ನೇರವಾಗಿ ಎಸೆದಿದ್ದೇನೆ.”

ಸೋಮಲಿಂಗ ಒಡೆದ ಹೋಳುಗಳನ್ನು ಬುಟ್ಟಿಗೆ ತುಂಬುತ್ತಿದ್ದ. “ತಪ್ಪು ನನ್ನದೇ” ಎಂದ.

“ಗೊತ್ತಿದ್ದೂ ಅಲ್ಲಿ ಯಾಕೆ ನಿಲ್ಲುತ್ತೀಯ? ಕೊಟ್ಟಿಗೆಗೆ ಹೋಗಿ ಸಗಣಿ ಬಾಚು. ಅದು ಕೈಜಾರಿದರೆ ಯಾರೂ ಅಳುವುದಿಲ್ಲ.”

ದ್ಯಾಮಣ್ಣ ನಕ್ಕ. ಸೋಮಲಿಂಗನೂ ನಗಲು ನೋಡಿದ. ಆಗಲಿಲ್ಲ.

ಸಂಜೆ ಚೆನ್ನವೀರ ಕೋಣೆಗೆ ಬಂದಾಗ ಸೋಮಲಿಂಗನ ಚಾಪೆ ಸುತ್ತಿಟ್ಟಿತ್ತು. ಅವನು ತನ್ನೆರಡು ಪಂಚೆಗಳನ್ನು ಗಂಟು ಕಟ್ಟುತ್ತಿದ್ದ.

“ಏನಿದು?”

“ನಾಳೆ ಗಾಡಿಯ ಜೊತೆ ಹೋಗುತ್ತೇನೆ. ಗುರುಗಳಿಗೆ ಹೇಳಿದ್ದೇನೆ.”

“ಎಲ್ಲಿಗೆ?”

“ಎಲ್ಲಿಗಾದರೂ. ಅಡುಗೆಮನೆಯಲ್ಲಿದ್ದಾಗ ಅನ್ನ ಸೀಯಿಸಿದೆ. ತೋಟದಲ್ಲಿ ಕಳೆ ಎಂದು ಮೆಂತ್ಯೆ ಕಿತ್ತೆ. ಈಗ ಇದು. ನನ್ನಿಂದ ಇಲ್ಲಿ ಯಾರಿಗೆ ಏನು ಉಪಯೋಗ, ಹೇಳು.”

ಹೋಗಬೇಡ ಎನ್ನಬೇಕೆನಿಸಿತು ಚೆನ್ನವೀರನಿಗೆ. ಆದರೆ ಹಾಗೆಂದರೆ ಏಳರಲ್ಲಿ ಒಂದೆರಡು ಹಣ್ಣನ್ನಾದರೂ ತನ್ನ ತಲೆಗೆ ಕಟ್ಟಿಕೊಳ್ಳಬೇಕಾದೀತು. ಅದು ನ್ಯಾಯವೇ? ಅವನು ನೇರ ಗುರುಗಳ ಬಳಿಗೆ ನಡೆದ.

ಅಡವಯ್ಯನವರು ಜಗಲಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು.

“ಗುರುಗಳೇ, ತಾವು ನ್ಯಾಯ ಹೇಳಬೇಕು. ಹಣ್ಣು ಬಿದ್ದರೆ ತಪ್ಪು ಎಸೆದವನದೋ, ಹಿಡಿಯುವವನದೋ?”

“ಬಿದ್ದಾಗ ಸೋಮಲಿಂಗನ ಮುಖ ಹೇಗಿತ್ತು?”

“ನೋಡಲಿಲ್ಲ ಗುರುಗಳೇ. ನಾನು ಜಪದಲ್ಲಿದ್ದೆ.”

“ಜಪ ತಪ್ಪಿತೇ?”

“ಒಂದೂ ತಪ್ಪಲಿಲ್ಲ.”

“ಒಳ್ಳೆಯದು” ಎಂದರು ಗುರುಗಳು. “ನಾಳೆ ಹಣ್ಣು ಹಿಡಿಯಲು ನಾನೇ ಬರುತ್ತೇನೆ.”

ಗುರುಗಳು ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡ ಚೆನ್ನವೀರ. ಆದರೂ ಆ ರಾತ್ರಿ ಅವನಿಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಅಡವಯ್ಯನವರು ಕೋಲೂರಿಕೊಂಡು ದಡಕ್ಕೆ ಬಂದೇಬಂದರು. ಸೋಮಲಿಂಗ ಗಂಟು ಹಿಡಿದು ಗಾಡಿಯ ಪಕ್ಕದಲ್ಲಿ ನಿಂತಿದ್ದ. ಅವರನ್ನು ಕಂಡ ದ್ಯಾಮಣ್ಣ ಗಾಡಿಯಿಂದ ಕೆಳಗಿಳಿದ.

ಗುರುಗಳು ಕೋಲನ್ನು ನೆಲಕ್ಕಿಟ್ಟರು. ಅಂಚಿಗೆ ಬಂದು ಎರಡೂ ಕೈ ಚಾಚಿದರು.

ಕೆಳಗೆ ಚೆನ್ನವೀರ ಒಂದು ಹಣ್ಣು ಎತ್ತಿಕೊಂಡ. ಮನಸ್ಸಿನಲ್ಲಿ ನಾಮ ಶುರುವಾಯಿತು. ನಾಮ ಮುಗಿಯಿತು. ಹಣ್ಣು ಕೈ ಬಿಡಲಿಲ್ಲ.

ಅವನು ತಲೆಯೆತ್ತಿ ನೋಡಿದ. ಆ ಹಣ್ಣನ್ನು ಕೆಳಗಿಟ್ಟು ಅದಕ್ಕಿಂತ ಸಣ್ಣದನ್ನು ಆರಿಸಿಕೊಂಡ. ಮತ್ತೆ ನೋಡಿದ.

ಕೊನೆಗೆ ಹಣ್ಣನ್ನು ಹೆಗಲಿಗೇರಿಸಿ, ಪಕ್ಕದ ಕಾಲುದಾರಿಯಿಂದ ದಡ ಹತ್ತಿ ಬಂದು, ಗುರುಗಳ ಕೈಯಲ್ಲಿ ಮೆಲ್ಲಗೆ ಇಟ್ಟ.

“ಯಾಕೆ ಎಸೆಯಲಿಲ್ಲ?”

ಸೇವೆಯ ಹೊತ್ತಿನಲ್ಲಿ ಗುರುಗಳು ಮಾತನಾಡಿದ್ದನ್ನು ಚೆನ್ನವೀರ ಕೇಳಿದ್ದು ಅದೇ ಮೊದಲು. ಉತ್ತರ ಕೊಡಬಹುದೋ ಬಾರದೋ ತಿಳಿಯದೆ ಒಂದು ಕ್ಷಣ ತಡವರಿಸಿದ.

“ಬಿಸಿಲು ನೇರ ತಮ್ಮ ಕಣ್ಣಿಗೆ ಹೊಡೆಯುತ್ತಿದೆ. ಎಡಗಾಲ ಕೆಳಗೆ ಮಣ್ಣು ಉದುರುತ್ತಿದೆ. ಬೆರಳೂ ಪೂರ್ತಿ ಬಿಚ್ಚುತ್ತಿಲ್ಲ.”

“ಇಷ್ಟೆಲ್ಲ ಅಲ್ಲಿಂದ ಕಂಡಿತೇ?”

“ಕಂಡಿತು.”

“ನಿನ್ನೆಯೂ ಸೂರ್ಯ ಅಲ್ಲೇ ಹುಟ್ಟಿದ್ದ” ಎಂದರು ಗುರುಗಳು.

ಚೆನ್ನವೀರ ಸೋಮಲಿಂಗನ ಕಡೆಗೆ ತಿರುಗಿದ. ಗಂಟು ಹಿಡಿದ ಕೈಯ ಹೆಬ್ಬೆರಳು ಊದಿ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಮೇಲೆ ಒಣಗಿದ ಅರಿಶಿನ.

“ಇದು ಯಾವಾಗ ಆದದ್ದು?”

“ಹತ್ತನೆಯದೋ ಹನ್ನೊಂದನೆಯದೋ ಹಣ್ಣಿಗೆ.”

“ಕೈ ಎತ್ತಿ ನಿಲ್ಲಿಸಬಾರದಿತ್ತೇ?”

“ನಿನ್ನ ಜಪ ಕೆಡುತ್ತಿತ್ತು.”

ಚೆನ್ನವೀರನಿಗೆ ನಿಂತ ನೆಲವೇ ಉದುರಿದಂತಾಯಿತು. ಆ ಬೆರಳಿನಿಂದಲೇ ಇವನು ಮಿಕ್ಕ ಹಣ್ಣನ್ನೆಲ್ಲ ಹಿಡಿದಿದ್ದ. ಗಾಡಿ ತುಂಬುವಷ್ಟು ಹಿಡಿದಿದ್ದ.

“ಗುರುಗಳೇ, ತಪ್ಪು ನನ್ನದು. ನಾನು ನೋಡಬೇಕಿತ್ತು.”

“ಇಲ್ಲ ಗುರುಗಳೇ” ಎಂದ ಸೋಮಲಿಂಗ. “ನಾನು ಹೇಳಬೇಕಿತ್ತು. ಅವನು ನೋಡಿದ್ದರೂ ನಾನು ಬೆರಳನ್ನು ಮುಚ್ಚಿಟ್ಟುಕೊಳ್ಳುತ್ತಿದ್ದೆ.”

“ಮುಚ್ಚಿಟ್ಟುಕೊಳ್ಳುವ ಹಾಗೆ ಮಾಡಿದ್ದು ನಾನೇ ತಾನೇ?”

“ಅದನ್ನೂ ನೀನೇ ಹೊತ್ತುಕೊಳ್ಳಬೇಡ. ನನಗೂ ಸ್ವಲ್ಪ ಬಿಡು.”

ದ್ಯಾಮಣ್ಣ ಎತ್ತಿನ ಕೊರಳು ತುರಿಸುತ್ತ ಹೇಳಿದ, “ನಿನ್ನೆ ಇದನ್ನು ಒಬ್ಬನ ತಲೆಗೇ ಕಟ್ಟಿದ್ದಾಯಿತು. ಇವತ್ತು ಒಂದು ತಪ್ಪಿಗೆ ಇಬ್ಬರು ವಾರಸುದಾರರು.”

“ಗುರುಗಳೇ, ತಾವೇ ಹೇಳಿ” ಎಂದ ಚೆನ್ನವೀರ. “ಯಾರದು?”

ಹಣ್ಣು ಇನ್ನೂ ಅಡವಯ್ಯನವರ ಕೈಯಲ್ಲೇ ಇತ್ತು. ಮೊಣಕೈಯಿಂದ ಬೆರಳ ತುದಿಯವರೆಗೆ ನಡುಕ ಬಂದಿತ್ತು. ಹಣ್ಣು ಅಂಗೈಯಿಂದ ಮೆಲ್ಲಮೆಲ್ಲಗೆ ಜಾರುತ್ತಿತ್ತು.

ಚೆನ್ನವೀರ ಒಂದು ಕಡೆಯಿಂದ ಕೈಯೊಡ್ಡಿದ. ಸೋಮಲಿಂಗ ಗಂಟನ್ನು ಬಿಸುಟು ಇನ್ನೊಂದು ಕಡೆಯಿಂದ ಒಡ್ಡಿದ. ಹಣ್ಣಿನ ಕೆಳಗೆ ನಾಲ್ಕು ಕೈ ಸೇರಿದವು.

ಆದರೂ ಗುರುಗಳು ಹಣ್ಣನ್ನು ಬಿಡಲಿಲ್ಲ. ಮೊದಲು ಒಬ್ಬನ ಮುಖ ನೋಡಿದರು. ಆಮೇಲೆ ಇನ್ನೊಬ್ಬನ ಮುಖ ನೋಡಿದರು.

“ಇಬ್ಬರೂ ಹಿಡಿದಿದ್ದೀರಾ?” ಎಂದು ಕೇಳಿದರು. “ಹಾಗಾದರೆ ನಾನು ಬಿಡುತ್ತೇನೆ.”