ಬಾವಿಗೆ ಗಾಳಿ ಹಾಕಿದ ಫಕೀರ

ಎಣ್ಣೆ ತೆಗೆಯುವ ಬಾವಿಯ ಪಕ್ಕದ ಕೇರಿಯಲ್ಲಿ ದ್ಯಾಮವ್ವ ಅಂತ ಒಬ್ಬ ತಾಯಿ, ಅವಳಿಗೆ ಫಕೀರ ಅಂತ ಒಬ್ಬನೇ ಮಗ. ದೇವರು ಬುದ್ಧಿ ಹಂಚುವಾಗ ಇವನು ಚೀಲ ಮರೆತು ಹೋಗಿದ್ದ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು, ಆದರೆ ಒಂದು ದಿನ ತಡವಾಗಿ. ಅಂಥವನಿಗೆ ಬಾವಿಯಲ್ಲಿ ಕೆಲಸ ಸಿಕ್ಕಿತು, ತಲೆಗೊಂದು ಗಟ್ಟಿ ಹಳದಿ ಟೊಪ್ಪಿಗೆ ಬಂತು. ದ್ಯಾಮವ್ವನ ಹೆಮ್ಮೆ ಕೇಳಬೇಡಿ! ಅವರ ಏಳು ತಲೆಮಾರಿನಲ್ಲಿ ಯಾರೂ ಅಂಥ ಟೊಪ್ಪಿಗೆ ಇಟ್ಟವರಲ್ಲ. ಅವಳಿಗೆ ಒಂದೇ ಭಯ, ಈ ಪೆದ್ದ ಅದನ್ನು ಕಳಕೊಂಡು ಬಂದಾನು ಅಂತ.

ಮೊದಲ ದಿನ ಮೇಸ್ತ್ರಿ ಕಾಸಿಂಸಾಬ ಹೇಳಿದ: "ಫಕೀರಾ, ನೆಲದಾಗಿನ ಗ್ಯಾಸೇ ಎಣ್ಣಿ ಮ್ಯಾಲ ದೂಡೋದು. ಗ್ಯಾಸ್ ಹೋತಂದ್ರ ಎಣ್ಣಿ ತಳದಾಗ ಕುಂದರ್ತದ. ಗ್ಯಾಸ್ ಬಿಡಬ್ಯಾಡ."

"ಆತ್ರಿ."

ಮರುದಿನ ಮನೆಗೆ ಸೋದರಮಾವ ಬಂದ. ಫಕೀರ ಗೋಲಿ ಸೋಡಾ ತಂದ, ಗೋಲಿ ಒತ್ತದೆ ಹಾಗೇ ಕೈಗೆ ಕೊಟ್ಟ. "ಹಿಂಗ ಕುಡೀರಿ ಮಾವ, ಗ್ಯಾಸ್ ಬಿಡೂಹಂಗಿಲ್ಲ." ಮಾವ ಬಾಟಲಿ ಚೀಪಿ ಚೀಪಿ, ಬಾಯಾರಿಕೊಂಡೇ ಎದ್ದು ಹೋದ.

ದ್ಯಾಮವ್ವ ಹಣೆ ಬಡಿದುಕೊಂಡಳು. "ಹುಚ್ಚಪ್ಪಾ, ಮದ್ಲ ಗ್ಯಾಸ್ ಬಿಡಬೇಕು, ಆಮ್ಯಾಲೆ ಕೆಲಸ!"

"ಆತಬೇ ಯವ್ವಾ."

ಮರುದಿನ ಕಾಸಿಂಸಾಬ ತನ್ನ ಸೈಕಲ್ ಕೊಟ್ಟು ನಟ್ಟು ಬಿಗಿಯುವ ಪಾನಾ ತರಲು ಕಳಿಸಿದ. ಫಕೀರ ಮೊದಲು ಎರಡೂ ಗಾಲಿಯ ಗಾಳಿ ಬಿಟ್ಟ, ಆಮೇಲೆ ಹತ್ತಿದ. ಸೈಕಲ್ ಹೋಗಲಿಲ್ಲ, ಪಾನಾ ಬರಲಿಲ್ಲ.

"ಹೋದದ್ದನ್ನ ತಿರುಗಿ ತುಂಬೋ ಮಾರಾಯಾ," ಎಂದು ಕಾಸಿಂಸಾಬ ಪಂಪು ಕೈಗಿಟ್ಟ. "ಇನ್ನೊಂದು ತಪ್ಪು ಮಾಡು, ಟೊಪ್ಪಿಗಿ ಕಸಗೋತೀನಿ."

"ಆತ್ರಿ."

ಮರುದಿನ ಬಾವಿಯೇ ಸೋತಿತು. ಎಣ್ಣೆ ಬೆರಳಿನಷ್ಟೂ ಬರಲಿಲ್ಲ. ದೊಡ್ಡ ಸಾಹೇಬರು ಬಂದರು, ಬಾವಿ ಮುಚ್ಚುವ ಮಾತಾಯಿತು. ಬಾವಿ ಹೋದರೆ ಕೆಲಸ ಹೋಯಿತು, ಟೊಪ್ಪಿಗೆ ಹೋಯಿತು. ಅಷ್ಟರಲ್ಲಿ ಉಸ್ ಉಸ್ ಅಂತ ಸದ್ದು. ನೋಡಿದರೆ ಫಕೀರ, ಬಾವಿಯ ಕೊಳವೆಗೆ ಸೈಕಲ್ ಪಂಪು ಹಚ್ಚಿ ಒತ್ತುತ್ತಿದ್ದಾನೆ.

"ಏನಿದು?" ಎಂದರು ಸಾಹೇಬರು.

"ಬಾವಿ ಪಂಚರ್ ಆಗೇದ್ರಿ. ಹೋದ ಗ್ಯಾಸ್ ತಿರುಗಿ ತುಂಬಾಕತ್ತೀನಿ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಸಾಹೇಬರು ನಗಲಿಲ್ಲ. ಎಣ್ಣೆ ನಿಂತರೂ ಬರುತ್ತಲೇ ಇದ್ದ ಗ್ಯಾಸು ಎತ್ತರದ ಕೊಳವೆಯ ತುದಿಯಲ್ಲಿ ಸುಮ್ಮನೆ ಉರಿದುಹೋಗುತ್ತಿತ್ತು. ಅದನ್ನು ತೋರಿಸಿ, "ಇದನ್ನು ಸುಡಬೇಡಿ, ತಿರುಗಿ ತುಂಬಿ ಅಂತ ಮೂರು ವರ್ಷದಿಂದ ಹೇಳ್ತಿದ್ದೀನಿ. ಇವನಿಗೆ ತಿಳಿದದ್ದು ಮೇಲಿನವರಿಗೆ ತಿಳೀಲಿಲ್ಲ," ಎಂದರು. ಆ ಮಾತು ಮೇಲಿನವರೆಗೂ ಮುಟ್ಟಿತು. ನಾಚಿಕೆಗಾದರೂ ದೊಡ್ಡ ಯಂತ್ರ ಕಳಿಸಿದರು. ಸುಡುತ್ತಿದ್ದ ಗ್ಯಾಸನ್ನು ಒತ್ತಿ ನೆಲದೊಳಕ್ಕೆ ತುಂಬಿದರು. ಬರಬರುತ್ತಾ ಎಣ್ಣೆ ಮತ್ತೆ ಏರಿತು.

ಸಾಹೇಬರು ಫಕೀರನ ಬೆನ್ನು ತಟ್ಟಿದರು. "ಶಾಭಾಷ್! ಬಾವಿಯಿಂದ ಬಂದದ್ದು ಬಾವಿಗೇ ಹೋಗ್ಬೇಕು."

"ಆತ್ರಿ."

ದ್ಯಾಮವ್ವ ಅವತ್ತು ಕೇರಿಗೆಲ್ಲ ಬೆಲ್ಲ ಹಂಚಿದಳು.

ಮರುದಿನ ಫಕೀರ ಬೆಳಗಾಗುತ್ತಲೇ ಕೆಲಸಕ್ಕೆ ನಿಂತ. ಟೊಪ್ಪಿಗೆ ತೆಗೆದ, ಅದರಲ್ಲೇ ತೊಟ್ಟಿಯಿಂದ ಎಣ್ಣೆ ಮೊಗೆದ, ಬಾವಿಗೆ ಸುರಿದ. ಮೊಗೆದ, ಸುರಿದ. ಕಾಸಿಂಸಾಬ ಟೊಪ್ಪಿಗೆ ಕಸಿಯಲು ಓಡಿ ಬಂದ. ಅವನಿಗಿಂತ ಮುಂಚೆ ದ್ಯಾಮವ್ವ ಓಡಿ ಬಂದಳು.

"ಯಪ್ಪಾ, ಟೊಪ್ಪಿಗಿ ಇರೋದು ತಲಿಗೆ! ಮದ್ಲ ತಲಿಮ್ಯಾಲ ಇಡು!"

"ಆತಬೇ ಯವ್ವಾ," ಎಂದವನೇ, ಈ ಸಲ ಮಾತ್ರ ತಡಮಾಡದೆ, ತುಂಬಿದ ಟೊಪ್ಪಿಗೆಯನ್ನು ಹಾಗೇ ತಲೆಗೆ ಹಾಕಿಕೊಂಡ.

ಕಾಸಿಂಸಾಬ ಹಿಂದೆ ಸರಿದ. ಎಣ್ಣೆ ಸೋರುವ ಆ ಟೊಪ್ಪಿಗೆಯನ್ನು ಮುಟ್ಟುವವರು ಯಾರು? ದ್ಯಾಮವ್ವ ಸೆರಗಿನಿಂದ ಮಗನ ಕಣ್ಣಷ್ಟೇ ಒರೆಸಿದಳು. "ಬಾವಿ ಬದುಕಿಸಿದಾಂವ, ನನ್ನ ಮಗ," ಎಂದು ಕೈಹಿಡಿದು ಕೇರಿಯ ನಟ್ಟನಡುವೆ ನಡೆಸಿಕೊಂಡು ಹೋದಳು, ಟೊಪ್ಪಿಗೆ ಸಮೇತ.