ಹೊಸ ಎಂಜಿನ್ನಿನ ಕಾಲ್ಗುಣ

ಲಾರಿ ಕೆಮ್ಮಿ ಕೆಮ್ಮಿ ನಿಲ್ಲುತ್ತದೆಂದು ಮೌಲಾಲಿ ಮೇಸ್ತ್ರಿ ಹಳೆಯ ಎಂಜಿನ್ ಇಳಿಸಿ ಪಕ್ಕದ ಗುಜರಿಗೆ ಹಾಕಿದ. ಹೊಸದನ್ನು ಕೂರಿಸಿ, ನಿಂಬೆಹಣ್ಣು ಕಟ್ಟಿ, ಸ್ಟಾರ್ಟ್ ಮಾಡಿದ. ಹೊಸದೂ ಗಡಗಡ ನಡುಗಿತು, ನಾಲ್ಕು ಸಲ ಕೆಮ್ಮಿತು, ನಿಂತೇಬಿಟ್ಟಿತು.

"ಬಂದವಳ ಕಾಲ್ಗುಣ!" ಎಂದಿತು ಗೇರ್‌ಬಾಕ್ಸ್.

"ಹದಿನಾಲ್ಕು ವರ್ಷದಿಂದ ಈ ಮನೆಗೆ ಬಡಿಸುತ್ತಿರುವವಳು ನಾನು," ಎಂದಿತು ಡೀಸೆಲ್ ಟ್ಯಾಂಕ್. "ಹಿಂದಿನವಳೂ ಹೀಗೇ, ಇವಳೂ ಹೀಗೇ. ಹೊರಗೆ ಹಾಕಿ!"

"ನೀವು ಬಡಿಸಿದ್ದನ್ನೇ ಕುಡಿದೆ, ಅತ್ತೆಮ್ಮ," ಎಂದಿತು ಎಂಜಿನ್.

"ಎದುರು ಮಾತು ಬೇರೆ!" ಎಂದು ಗೇರ್‌ಬಾಕ್ಸ್ ಗದರಿತು.

ಮೇಸ್ತ್ರಿ ಎರಡು ದಿನ ಎಂಜಿನ್ನನ್ನೇ ಬಿಚ್ಚಿದ, ಕಟ್ಟಿದ. ಕೆಮ್ಮು ಹೋಗಲಿಲ್ಲ. ಮೂರನೆಯ ದಿನ ರೋಸಿಹೋಗಿ ಟ್ಯಾಂಕಿನ ಪೈಪು ಕಿತ್ತ. ಒಂದು ಕ್ಯಾನಿನಲ್ಲಿ ಶುದ್ಧ ಡೀಸೆಲ್ ತುಂಬಿ, ಮೇಲೆ ತೂಗುಹಾಕಿ, ಅದರಿಂದಲೇ ಎಂಜಿನ್ನಿಗೆ ಪೈಪು ಕೊಟ್ಟ. ಎಂಜಿನ್ ಒಂದೇ ಸಮನೆ ಓಡಿತು. ಬಾನೆಟ್ಟಿನ ಮೇಲಿಟ್ಟಿದ್ದ ಚಹಾ ಕೂಡ ತುಳುಕಲಿಲ್ಲ.

ಮೇಸ್ತ್ರಿ ಟ್ಯಾಂಕನ್ನು ಇಳಿಸಿ ಬೋರಲು ಹಾಕಿದ. ಬೊಗಸೆಗಟ್ಟಲೆ ತುಕ್ಕು, ಕೆಸರು ಸುರಿಯಿತು. ಅವನು ತಲೆಯ ಮೇಲೆ ಕೈ ಹೊತ್ತು ಅಲ್ಲೇ ಕುಸಿದು ಕೂತ.

ಆಗ ಪಕ್ಕದ ಗುಜರಿಯಲ್ಲಿ ಬೀಳುತ್ತಿದ್ದ ಸುತ್ತಿಗೆಯ ಪೆಟ್ಟು ಒಂದು ಗಳಿಗೆ ನಿಂತಿತು. ಅರ್ಧ ಒಡೆದುಹೋಗಿದ್ದ ಹಳೆಯ ಎಂಜಿನ್ ಕೇಳಿತು:

"ಆ ಕ್ಯಾನನ್ನು ನನಗೂ ಒಮ್ಮೆ ಕಟ್ಟಿ ನೋಡಬಹುದಿತ್ತಲ್ಲವೇ?"